ಬನ್ನಕ್ಕನನ್ನು ನಗಿಸಬೇಡಿ

ಬನ್ನಕ್ಕ ನಕ್ಕರೆ ಬೀದಿಯ ಆ ತುದಿಯಲ್ಲಿದ್ದ ಸೈಕಲ್ ರಿಪೇರಿಯವನು ತಲೆಯೆತ್ತಿ, "ಓಹೋ, ಬನ್ ಆಯ್ತು" ಎನ್ನುತ್ತಿದ್ದ. ಅವಳ ನಗುವಿಗೂ ಬನ್ನಿಗೂ ಏನು ಸಂಬಂಧ ಎಂದು ಕೇಳಿದರೆ, ಇದೆ ಸ್ವಾಮಿ. ಬೆಳಗಿನ ಮೊದಲ ಟ್ರೇ ಒಲೆಯಿಂದ ಹೊರಗೆಳೆಯುವಾಗ ಅವಳ ಗಂಡ ಏನಾದರೊಂದು ಹೇಳದೆ ಬಿಡುತ್ತಿರಲಿಲ್ಲ, ಅವಳು ನಗದೆ ಬಿಡುತ್ತಿರಲಿಲ್ಲ. ಅದೇನು ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕೆನ್ನುವ ನಗುವಲ್ಲ. ಹೊಟ್ಟೆಯ ಬುಡದಿಂದ ಎದ್ದು, ಭುಜ ಕುಣಿಸಿ, ಕಣ್ಣಲ್ಲಿ ನೀರು ಬರಿಸಿ, ಕೊನೆಗೆ ಮೇಜಿಗೊಂದು ಏಟು ಕೊಟ್ಟು ನಿಲ್ಲುವ ನಗು. ಆ ಏಟಿಗೆ ಮೇಜಿನ ಮೇಲಿನ ಮೈದಾ ಹಾರಿ ಅವಳ ಹುಬ್ಬೆಲ್ಲ ಬೆಳ್ಳಗಾಗುತ್ತಿತ್ತು.

ಹುಟ್ಟಾ ನಗುಮೊಗದವಳು ಎಂದು ಜನ ಹೇಳುತ್ತಿದ್ದರು. ಜನಕ್ಕೇನು ಗೊತ್ತು, ಮಣ್ಣು! ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಅಣ್ಣ ಅತ್ತಿಗೆಯ ಮನೆಯಲ್ಲಿ ಬೆಳೆದವಳು ಅವಳು. ಆ ಮನೆಯಲ್ಲಿ ತಲೆನೋವು ಎಂದರೆ "ಕೆಲಸ ತಪ್ಪಿಸೋಕೆ ನೆಪ" ಎನ್ನುತ್ತಿದ್ದರು, ಹೊಟ್ಟೆನೋವು ಎಂದರೆ "ತಿಂದದ್ದು ಹೆಚ್ಚಾಯ್ತು" ಎನ್ನುತ್ತಿದ್ದರು. ಹೇಳಿ ಬೈಸಿಕೊಳ್ಳುವುದಕ್ಕಿಂತ ಹೇಳದಿರುವುದೇ ಲೇಸು ಎಂದು ಹುಡುಗಿ ಬೇಗ ಕಲಿತಳು. ಜ್ವರದ ಮೈಯಲ್ಲಿ ರಾಶಿ ಪಾತ್ರೆ ತೊಳೆದಿಟ್ಟು, ಯಾರಿಗೂ ತಿಳಿಯದ ಹಾಗೆ ಮೂಲೆಯಲ್ಲಿ ಮುದುಡಿಕೊಂಡು ವಾಸಿಮಾಡಿಕೊಳ್ಳುತ್ತಿದ್ದಳು.

ಬೇಕರಿಗೆ ಅವಳು ಬಂದದ್ದು ಟ್ರೇ ತೊಳೆಯುವ ಕೆಲಸಕ್ಕೆ. ಕೆಳಗೆ ಅಂಗಡಿ, ಅದರ ಹಿಂದೆ ಒಲೆಮನೆ, ಮೇಲೆ ಮಾಲೀಕರ ವಾಸ. ಮಾಲೀಕರ ಹಿರಿಮಗನಿಗೆ ಬೀದಿಯವರಿಟ್ಟ ಹೆಸರು ಮಾತಿನಮಲ್ಲ. ಈ ಹುಡುಗಿ ತುಟಿ ಬಿಚ್ಚುವುದಿಲ್ಲವೆಂಬುದು ಅವನಿಗೆ ದೊಡ್ಡ ಸವಾಲಾಯಿತು. ಒಂದು ದಿನ ಸುಟ್ಟು ಕರಕಲಾದ ಬನ್ನೊಂದನ್ನು ಅಂಗೈಯಲ್ಲಿಟ್ಟು, ಕಿವಿಗೆ ಹಿಡಿದು, ಗಾಬರಿಯ ಮುಖ ಮಾಡಿ, "ಅಯ್ಯಯ್ಯೋ, ಇನ್ನೂ ಉಸಿರಾಡ್ತಿದೆ, ಯಾರಾದ್ರೂ ಡಾಕ್ಟರನ್ನ ಕರೀರಪ್ಪಾ" ಎಂದ. ಹುಡುಗಿಯ ಕೈಯಲ್ಲಿದ್ದ ಟ್ರೇಗಳು ದಬದಬ ನೆಲಕ್ಕೆ ಬಿದ್ದವು. ಆವತ್ತು ಹೊರಬಿದ್ದ ನಗು ಎಷ್ಟು ವರ್ಷದಿಂದ ಒಳಗೆ ಕೂತಿತ್ತೋ, ನಿಲ್ಲಿಸೋಣವೆಂದರೂ ನಿಲ್ಲಲಿಲ್ಲ. ಮುಂದಿನ ವರ್ಷ ಮದುವೆಯಾಯಿತು.

ಗಂಡಹೆಂಡಿರ ನಡುವಿನ ಭಾಷೆಯೇ ಅದಾಯಿತು. ಜಗಳ ಆಡಿದರೂ ತಮಾಷೆಯಲ್ಲೇ, ರಾಜಿಯಾದರೂ ತಮಾಷೆಯಲ್ಲೇ. ಅವನು ನಿಜವಾಗಿ ಸಿಟ್ಟಾದದ್ದನ್ನು ಅವಳು ಕಂಡದ್ದು ಒಂದೇ ಸಲ. ಅವನ ತಮ್ಮ ಹೇಳದೆ ಕೇಳದೆ ಹಿಟ್ಟು ಕಲಸುವ ಯಂತ್ರವನ್ನು ಹೊತ್ತುಕೊಂಡು ಹೋದಾಗ ಅವನು ಕೂಗಾಡಲಿಲ್ಲ. ಮಾತು ನಿಲ್ಲಿಸಿಬಿಟ್ಟ, ಅಷ್ಟೇ. ಆ ತಮ್ಮನ ಜತೆ ಇವತ್ತಿಗೂ ಮಾತಿಲ್ಲ. ಮಾತಿನಮಲ್ಲ ಸುಮ್ಮನಾದ ಎಂದರೆ ಮನಸ್ಸು ಮುರಿಯಿತು ಎಂದೇ ಅರ್ಥ ಎಂದು ಬನ್ನಕ್ಕ ಆವತ್ತೇ ಗಂಟು ಹಾಕಿಕೊಂಡಳು.

ಮೊದಲು ಒಬ್ಬಳು ಮಗಳು, ಆಮೇಲೆ ಅವಳಿ ಗಂಡುಮಕ್ಕಳು. ಅವಳಿಗಳು ಹೊಟ್ಟೆಯೊಳಗೇ ಕಾಲ್ಚೆಂಡು ಆಡಿ ಹೊರಗೆ ಬಂದರೇನೋ, ಹಿಗ್ಗಿದ ಹೊಟ್ಟೆ ಮತ್ತೆ ಒಳಗೆ ಹೋಗಲಿಲ್ಲ. ಚರ್ಮ ಮಡಿಕೆಯಾಗಿ ಜೋತುಬಿತ್ತು. ಮೈ ತೂಕ ಇಳಿಸಿದಳು, ಮಡಿಕೆ ಇನ್ನಷ್ಟು ಜೋತುಬಿತ್ತು. ಒಲೆಯ ಕಾವಿಗೆ ಮಡಿಕೆಯ ಸಂದಿಯಲ್ಲಿ ಬೆವರು ನಿಂತು ಕೆಂಪಾಗಿ, ನವೆಯೆದ್ದು, ಬಿರಿದು ಉರಿಯುತ್ತಿತ್ತು. ಹಿಟ್ಟು ನಾದಲು ಬಗ್ಗಿದರೆ ಮೇಜಿನ ಅಂಚು ಅಲ್ಲೇ ಒತ್ತುತ್ತಿತ್ತು. ಇದನ್ನು ಯಾರಿಗೆ ಹೇಳಿದಳು? ಯಾರಿಗೂ ಇಲ್ಲ. ಬೆಳಕಿನಲ್ಲಿ ಗಂಡನ ಮುಂದೆ ಬಟ್ಟೆ ಬದಲಿಸುವುದನ್ನೂ ಬಿಟ್ಟಳು.

ಬೀದಿಯ ಜನವೋ, ದೇವರೇ, ಬಾಯಿಗೆ ಬೀಗವಿಲ್ಲ. "ಏನಕ್ಕಾ, ವಿಶೇಷಾನಾ?" ಎಂದು ಬ್ರೆಡ್ ಕೊಳ್ಳಲು ಬಂದವರೆಲ್ಲ ಕೇಳುವವರೇ. "ಹೌದು, ಆನೆಮರಿ, ಅದಕ್ಕೇ ತಡ" ಎಂದು ಇವಳೂ ನಗಿಸಿ ಕಳಿಸುತ್ತಿದ್ದಳು. ಒಂದು ದಿನ ಬಸ್ಸಿನಲ್ಲಿ ಮರ್ಯಾದಸ್ಥ ಮುದುಕರೊಬ್ಬರು, ಕೋಲೂರಿಕೊಂಡವರು, ಎದ್ದು ನಿಂತು ತಮ್ಮ ಸೀಟು ಇವಳಿಗೆ ಬಿಟ್ಟುಕೊಟ್ಟರು. ಬೇಡ ಎನ್ನುವುದಕ್ಕೂ ನಾಚಿಕೆ, ಕೂರುವುದಕ್ಕೂ ನಾಚಿಕೆ. ಕೂತಳು. ಇಳಿಯುವವರೆಗೂ ಕಿಟಕಿಯಾಚೆ ನೋಡುತ್ತ ಕಣ್ಣೀರು ನುಂಗಿದಳು.

ಹೊಟ್ಟೆಯ ಚರ್ಮ ಕತ್ತರಿಸಿ, ಒಳಗಿನ ಸ್ನಾಯು ಬಿಗಿದು, ಮತ್ತೆ ಹೊಲಿಯುವ ಆಪರೇಷನ್ ಇದೆಯೆಂದು ವಿಚಾರಿಸಿಕೊಂಡು ಬಂದು ಹೇಳಿದಾಗ ಗಂಡ, "ನನಗೇನೂ ಅದು ಅಡ್ಡ ಬಂದಿಲ್ವಲ್ಲೇ" ಎಂದ.

"ನನಗೆ ಅಡ್ಡ ಬಂದಿದೆ ರೀ."

"ಚೆನ್ನಾಗಿರೋ ಮೈಗೆ ಯಾಕೇ ಕತ್ತರಿ?" ಎಂದ ಅವನು, ಈ ಸಲ ತಮಾಷೆಯಿಲ್ಲದೆ.

ಆಗ ಅತ್ತೆ ಒಳಗಿನಿಂದ ಬಂದರು. ಒಲೆಯ ಮುಂದೆ ಅರ್ಧ ಆಯುಸ್ಸು ಕಳೆದ ಹೆಂಗಸು ಅವರು, ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ. "ಅವಳ ಹೊಟ್ಟೆ, ಅವಳಿಷ್ಟ. ಹೆತ್ತವಳು ಅವಳೋ ನೀನೋ? ಹೋಗೋ, ಹಿಟ್ಟು ಉಕ್ಕಿದೆ ನೋಡ್ಕೋ" ಎಂದು ಮಗನನ್ನು ಕೆಳಗೆ ಅಟ್ಟಿದರು. ಅಲ್ಲಿಗೆ ಮಾತು ಮುಗಿಯಿತು. ಆದರೆ "ಯಾಕೇ ಕತ್ತರಿ" ಎಂದದ್ದು ಬನ್ನಕ್ಕನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಎಚ್ಚರವಾದಾಗ ಸೊಂಟದ ಈ ಮೂಳೆಯಿಂದ ಆ ಮೂಳೆಯವರೆಗೆ ಯಾರೋ ಕೆಂಡದ ಸರಪಳಿ ಎಳೆದ ಹಾಗಿತ್ತು. ಗಾಯದ ನೀರು ಹೊರಗೆ ಬರಲೆಂದು ಎರಡೂ ಕಡೆ ಸಣ್ಣ ಕೊಳವೆ ಹಾಕಿ, ಅವುಗಳ ತುದಿಗೆ ರಬ್ಬರಿನ ಬುರುಡೆಗಳನ್ನು ತೂಗುಹಾಕಿದ್ದರು. ಗಂಡ ಬಂದು ನೋಡಿದ. ಹೆದರಿಕೆಯಾದಾಗ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. "ಏನೇ ಇದು, ಹಳೇ ಮೋಟಾರಿನ ಹಾರ್ನು ಎರಡು ಕೊಟ್ಟಿದ್ದಾರೆ? ಒತ್ತಲಾ, ದಾರಿ ಬಿಡ್ತಾರೆ" ಎಂದ.

ಬನ್ನಕ್ಕ ನಕ್ಕಳು. ನಕ್ಕವಳು ಮರುಕ್ಷಣವೇ ಕಿರುಚಿಕೊಂಡಳು. ವಾರ್ಡಿನ ಆ ಕಡೆಯಿದ್ದ ನರ್ಸಮ್ಮ ಓಡಿಬಂದು ನೋಡಿದರೆ ಇವಳ ಮುಖ ಬಿಳಿಚಿಹೋಗಿದೆ, ಅವನ ಮುಖ ಅದಕ್ಕಿಂತ ಬಿಳಿಚಿದೆ. ನರ್ಸಮ್ಮ ಅವನನ್ನು ಹೊರಗೆ ಕರೆದುಕೊಂಡು ಹೋಗಿ, "ಬುದ್ಧಿ ಇದೆಯೇನ್ರೀ ನಿಮಗೆ? ಹೊಲಿಗೆ ಹಸಿ ಇದೆ. ನಗಿಸಬೇಡಿ, ಎಳೆದರೆ ಬಿಟ್ಟುಕೊಳ್ಳುತ್ತೆ" ಎಂದು ಉಗಿದರು. ಆಕೆ ಹೇಳಿದ್ದು ಆ ಒಂದೆರಡು ದಿನದ ಮಾತು. ಈ ಮಹಾಶಯ ಅದನ್ನು ಶಾಸನ ಮಾಡಿಕೊಂಡ.

ಮನೆಗೆ ಕರೆತರುವ ಮುಂಚೆಯೇ ಅವನು ತನ್ನ ಅಮ್ಮನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಆಣೆ ಹಾಕಿಸಿದನಂತೆ. ಬನ್ನಕ್ಕನ ಎದುರು ಯಾರೂ ನಗು ಬರುವಂಥ ಮಾತಾಡಬಾರದು, ಟಿವಿಯಲ್ಲಿ ಹಾಸ್ಯ ಹಾಕಬಾರದು, ಅವಳಿಗಳು ಒಬ್ಬರನ್ನೊಬ್ಬರು ಅಣಕಿಸಬಾರದು. "ಅಮ್ಮನಿಗೂ ಹೇಳಿಬಿಡೋಣ ಅಪ್ಪಾ" ಎಂದಳಂತೆ ಮಗಳು, ಬುದ್ಧಿವಂತೆ.

"ಹುಚ್ಚೀ, ನಿನ್ನನ್ನ ನಗಿಸಬಾರದು ಅಂತ ಎಲ್ಲರೂ ಬಾಯಿ ಬಿಗಿದ್ಕೊಂಡಿದ್ದೀವಿ ಅಂತ ಅವಳಿಗೆ ಹೇಳಿದ್ರೆ, ಅದಕ್ಕೇ ಬಿದ್ದು ಬಿದ್ದು ನಗ್ತಾಳೆ. ಹೊಲಿಗೆ ಹರಿದುಹೋಗುತ್ತೆ" ಎಂದನಂತೆ ಅಪ್ಪ. ಮಾತಿನಲ್ಲಿ ಸತ್ಯವಿತ್ತು, ಅದೇ ಎಡವಟ್ಟು.

ಹೀಗೆ ಬನ್ನಕ್ಕ ಒಂದು ಮೂಕಮನೆಗೆ ಕಾಲಿಟ್ಟಳು. ನೆಟ್ಟಗೆ ನಿಲ್ಲಲಾಗದೆ ಬಗ್ಗಿಕೊಂಡೇ ನಡೆಯುತ್ತಿದ್ದಳು. ಮಲಗಿದರೆ ಮಂಡಿಯ ಕೆಳಗೆ ದಿಂಬುಗಳ ಗೋಪುರ, ಕೆಮ್ಮು ಬಂದರೆ ಹೊಟ್ಟೆಗೆ ಅವುಚಿಕೊಳ್ಳಲು ಇನ್ನೊಂದು ದಿಂಬು, ಹಗಲೂ ರಾತ್ರಿ ಸೊಂಟಕ್ಕೆ ಬಿಗಿದ ಅಗಲವಾದ ಬೆಲ್ಟು. ಸೀನು ಬಂತೆಂದರೆ ಕಣ್ಣ ಮುಂದೆ ಕತ್ತಲೆ. ಹೊಕ್ಕುಳಿನ ಕೆಳಗೆ ಮುಟ್ಟಿದರೆ ಏನೂ ಗೊತ್ತಾಗುತ್ತಿರಲಿಲ್ಲ, ಅದು ಇನ್ಯಾರದೋ ಮೈಯೇನೋ ಎಂಬಂತೆ ಮರಗಟ್ಟಿತ್ತು. ಇದೆಲ್ಲ ಇರುತ್ತದೆಂದು ಆಪರೇಷನ್ ಮಾಡಿದ ಡಾಕ್ಟರಮ್ಮ ಮೊದಲೇ ಹೇಳಿದ್ದರು, ತಡೆದುಕೊಂಡಳು. ಹೇಳದೇ ಇದ್ದದ್ದು ಈ ಮೌನ.

ಗಂಡ ಹೊತ್ತುಹೊತ್ತಿಗೆ ಮಾತ್ರೆ, ಬಿಸಿನೀರು, ಮೆತ್ತಗಿನ ಬ್ರೆಡ್ಡು ತಂದಿಡುತ್ತಿದ್ದ. "ತಗೋ" ಎನ್ನುತ್ತಿದ್ದ, ನೆಲ ನೋಡುತ್ತ ಹೊರಟುಹೋಗುತ್ತಿದ್ದ. ಅವಳ ಕಣ್ಣಿಗೆ ಕಣ್ಣು ಸೇರಿದರೆ ಎಲ್ಲಿ ಬಾಯಿಂದ ಏನಾದರೂ ಜಾರುತ್ತದೋ ಎಂಬ ಭಯ ಅವನಿಗೆ. ಅತ್ತೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದರು. ಅವಳಿಗಳು ತುದಿಗಾಲಲ್ಲಿ ಬಂದು, ತುಟಿ ಕಚ್ಚಿಕೊಂಡು, ಓಡಿಹೋಗುತ್ತಿದ್ದರು. ಬನ್ನಕ್ಕ ಲೆಕ್ಕ ಹಾಕಿದಳು. ಇವರಿಗೆಲ್ಲ ನನ್ನ ಮೇಲೆ ಸಿಟ್ಟು. ಚೆನ್ನಾಗಿದ್ದ ಮೈಯನ್ನು ಚೆಂದಕ್ಕೆ ಕೊಯ್ಯಿಸಿಕೊಂಡಳು, ಒಲೆಯ ಕೆಲಸವೆಲ್ಲ ಇವರ ತಲೆಗೆ ಕಟ್ಟಿ ಮಲಗಿದಳು ಎಂದು. ರೋಗ ಬಂದು ಮಲಗಿದವರಿಗೆ ನರಳುವ ಹಕ್ಕಿದೆ. ಕೈಯಾರೆ ಕೇಳಿ ತಂದುಕೊಂಡ ನೋವಿಗೆ ಯಾವ ಮುಖ ಇಟ್ಟುಕೊಂಡು ನರಳುವುದು? ಅಯ್ಯೋ ಹೆಣ್ಣೇ, ನೋವು ನೋವೇ ಅಲ್ಲವೇ, ಅದಕ್ಕೆ ಯಾರ ಅಪ್ಪಣೆ ಬೇಕು! ಆದರೆ ಅವಳಿಗೆ ಯಾರು ಹೇಳಬೇಕು.

ಕೊಳವೆಗಳನ್ನು ತೆಗೆಸಿಕೊಂಡು ಬಂದ ಮೇಲೆ ಹೊಸದೊಂದು ಶುರುವಾಯಿತು. ಎಡಗಡೆ, ಹೊಲಿಗೆಯ ಮೇಲ್ಭಾಗದಲ್ಲಿ ಊತ. ಬೆರಳಿಂದ ಒತ್ತಿದರೆ ಒಳಗೆ ನೀರು ಆ ಕಡೆ ಸರಿದು ಈ ಕಡೆ ಬರುತ್ತಿತ್ತು. ಊದಿಕೊಂಡರೆ, ಕೆಂಪಾದರೆ, ಜ್ವರ ಬಂದರೆ ತಕ್ಷಣ ಬರಬೇಕು ಎಂದು ಡಾಕ್ಟರಮ್ಮ ಒತ್ತಿ ಒತ್ತಿ ಹೇಳಿದ್ದರು. ಬನ್ನಕ್ಕ ಬೆಲ್ಟನ್ನು ಇನ್ನೊಂದು ಸುತ್ತು ಬಿಗಿದಳು. ಈಗಲೇ ಮಾತು ಬಿಟ್ಟಿರುವ ಗಂಡನಿಗೆ "ಇನ್ನೂ ಒಂದು ತೊಂದರೆಯಾಗಿದೆ ರೀ" ಎಂದು ಹೇಳುವುದು ಹೇಗೆ? ತಮ್ಮನನ್ನು ದೂರವಿಟ್ಟ ಹಾಗೆ ನನ್ನನ್ನೂ ಪೂರ್ತಿ ದೂರವಿಟ್ಟರೆ? ಸ್ನಾನಕ್ಕೆ ನೀರು ಹಾಕಲು ಬಂದ ಅತ್ತೆಯನ್ನು "ನಾನೇ ಹಾಕ್ಕೋತೀನಿ ಅತ್ತೆ" ಎಂದು ಹೊರಗೇ ನಿಲ್ಲಿಸಿ ಚಿಲಕ ಹಾಕಿದಳು. ಊದಿದ ಜಾಗ ಕೆಂಪಾಯಿತು. ಆಮೇಲೆ ಬಿಸಿಯಾಯಿತು. ಆಮೇಲೆ ಮೈಯೇ ಬಿಸಿಯಾಯಿತು. ಜ್ವರವನ್ನು ಬಚ್ಚಿಡುವುದು ಅವಳಿಗೆ ಅಣ್ಣನ ಮನೆಯಲ್ಲೇ ರೂಢಿಯಾಗಿತ್ತಲ್ಲ.

ಒಂದು ಬೆಳಗ್ಗೆ ಚಳಿಗೆ ನಡುಗುತ್ತ ಮಲಗಿದ್ದಾಗ ಕೆಳಗಿನಿಂದ ಮಾತು ಕೇಳಿಸಿತು. ಯಾರೋ ಗಿರಾಕಿ ದೂರುತ್ತಿದ್ದರು. "ಮೊನ್ನೆ ಒಯ್ದ ಬ್ರೆಡ್ಡು ಕಲ್ಲಿನ ಹಾಗಿತ್ತಲ್ರೀ."

"ಬೇಕಂತ್ಲೇ ಮಾಡಿದ್ದು. ಮನೆ ಗೋಡೆ ಬಿರುಕು ಬಿಟ್ಟಿದೆ ಅಂದಿದ್ರಲ್ಲ, ಮೆತ್ಕೊಳ್ಳಿ" ಎಂದ ಮಾತಿನಮಲ್ಲ.

ಅಂಗಡಿಯಿಡೀ ಗೊಳ್ಳೆಂದಿತು. ಆಮೇಲೆ ಮೆಟ್ಟಿಲ ಮೇಲೆ ಅವನ ಹೆಜ್ಜೆ. ಬಾಗಿಲು ತೆರೆಯಿತು. ನಗುವೆಲ್ಲ ಕೆಳಗೇ ಕಳಚಿಟ್ಟು ಬಂದ ಮುಖ. "ತಗೋ" ಎಂದು ಮಾತ್ರೆ ಇಟ್ಟ, ನೆಲ ನೋಡಿದ, ಇಳಿದುಹೋದ.

ಬನ್ನಕ್ಕನಿಗೆ ರೇಗಿತು. ಅಳು ಬರಬೇಕಾದ ಜಾಗದಲ್ಲಿ ಸಿಟ್ಟು ಬಂತು, ಒಳ್ಳೆಯದೇ ಆಯಿತು. ಅಣ್ಣನ ಮನೆಯಲ್ಲಿ ಒಂದು ದಿನವೂ ಬಾರದ ಸಿಟ್ಟು. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದಳು. ಒಲೆಮನೆ ದಾಟಿ ಅಂಗಡಿಯ ಗಲ್ಲಾದ ಹಿಂದೆ ನಿಂತಾಗ ಕೂದಲು ಕೆದರಿತ್ತು, ಕಣ್ಣು ಜ್ವರಕ್ಕೆ ಹೊಳೆಯುತ್ತಿತ್ತು. ಗಿರಾಕಿಗಳು ಬಾಯಿ ತೆರೆದು ನೋಡಿದರು.

"ಊರೋರಿಗೆಲ್ಲ ಹಂಚೋಕೆ ನಿಮ್ಮತ್ರ ಮಾತಿದೆ, ಅಲ್ವಾ? ನನಗೆ ಮಾತ್ರ ಇಲ್ಲ. ಸಿಟ್ಟಿದ್ರೆ ಬೈರಿ! ಕೊಯ್ಯಿಸ್ಕೊಂಡಿದ್ದು ತಪ್ಪು ಅಂತ ಬಾಯಿ ಬಿಟ್ಟು ಹೇಳ್ರೀ! ಹೀಗೆ ಸುಮ್ನಿದ್ದು ಸಾಯಿಸಬೇಡಿ."

ಮಾತಿನಮಲ್ಲನ ಕೈಯಲ್ಲಿದ್ದ ಬ್ರೆಡ್ ಕೊಯ್ಯುವ ಚಾಕು ಹಾಗೇ ನಿಂತಿತು. "ಸಿಟ್ಟಾ? ಯಾರಿಗೆ? ನಗಿಸಿದ್ರೆ ನಿನ್ನ ಹೊಲಿಗೆ ಬಿಟ್ಟುಕೊಳ್ಳುತ್ತೆ ಅಂದ್ರು ಕಣೇ ನರ್ಸಮ್ಮ! ಬಾಯಿ ಬಿಟ್ರೆ ಏನಾದ್ರೂ ಅಂದುಬಿಡ್ತೀನಿ ಅಂತ... ಮಕ್ಕಳ ಹತ್ರ ಆಣೆ ಹಾಕಿಸಿದ್ದೀನಿ... ಅಮ್ಮನಿಗೂ ಮುಖ ಗಂಟಿಕ್ಕೊಂಡಿರು ಅಂದಿದ್ದೀನಿ..."

"ಅತ್ತೆಗೂನಾ?" ಎಂದಳು ಬನ್ನಕ್ಕ.

ಹಿಂದೆಯೇ ಇಳಿದುಬಂದಿದ್ದ ಅತ್ತೆ, ಏದುಸಿರು ಬಿಡುತ್ತ, "ಕೆನ್ನೆ ನೋವು ಬಂತು ಕಣಮ್ಮ ನನಗೆ" ಎಂದರು.

ಅಷ್ಟೇ ಸಾಕಾಯಿತು. ಬನ್ನಕ್ಕನಿಗೆ ನಗು ಬಂತು, ಜತೆಗೇ ಅಳು ಬಂತು, ಎರಡೂ ಸೇರಿ ಹೊಟ್ಟೆಯನ್ನು ಹಿಂಡಿದವು. "ಅಮ್ಮಾ" ಎಂದು ಗಲ್ಲಾ ಹಿಡಿದು ಬಗ್ಗಿದಳು. ಅವಳ ಬಟ್ಟೆಯ ಎಡಗಡೆ ಒದ್ದೆಯಾಗಿ, ಹಳದಿಬಣ್ಣದ ನೀರು ತೊಡೆಯಗುಂಟ ಇಳಿಯಿತು. ಗಂಡ ಅವಳನ್ನು ಹಿಡಿದುಕೊಂಡ. ಹಣೆ ಮುಟ್ಟಿದ, ಸುಡುತ್ತಿತ್ತು.

"ಯಾವಾಗಿಂದ?"

"ಸುಮಾರು ದಿನ ಆಯ್ತು ರೀ. ಹೇಳಿದ್ರೆ ನೀವು ಇನ್ನೂ..."

ಒಲೆಯಲ್ಲಿ ಬ್ರೆಡ್ಡಿತ್ತು, ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವನು ಯಾವುದನ್ನೂ ತಿರುಗಿ ನೋಡಲಿಲ್ಲ. ಬ್ರೆಡ್ಡಿನ ಮೇಲೆ ದೂರು ಹೇಳಿದ್ದ ಗಿರಾಕಿಯೇ ತನ್ನ ಕಾರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಮುಟ್ಟಿಸಿದ, ಪಾಪ, ಒಳ್ಳೆಯ ಮನುಷ್ಯ.

ಡಾಕ್ಟರಮ್ಮ ಬೆಲ್ಟು ಬಿಚ್ಚಿಸಿ ನೋಡಿ ಹಲ್ಲು ಕಚ್ಚಿದರು. ಗಾಯದೊಳಗೆ ನೀರು ತುಂಬಿತ್ತು, ಸೋಂಕು ತಗುಲಿತ್ತು. "ಇನ್ನೂ ತಡ ಮಾಡಿದ್ದಿದ್ರೆ ಸೋಂಕು ರಕ್ತಕ್ಕೇ ಇಳಿದುಬಿಡ್ತಿತ್ತು, ಗೊತ್ತಾ? ಜ್ವರ ಬಂದ್ರೆ ಬನ್ನಿ ಅಂತ ಯಾರಿಗೆ ಹೇಳಿದ್ದೆ ನಾನು, ಗೋಡೆಗಾ?" ಎಂದು ಬನ್ನಕ್ಕನನ್ನು ಗದರಿಸಿದರು. ಕಾರಣ ಕೇಳಿದ ಮೇಲೆ ಗಂಡನ ಕಡೆ ತಿರುಗಿದರು. "ಮೊದಮೊದಲು ಜೋಪಾನ ಅಂದ್ರೆ ಮನೆಯನ್ನೇ ಮೂಕ ಮಾಡ್ಕೊಂಡ್ರಾ? ನನ್ನನ್ನ ಒಂದು ಮಾತು ಕೇಳೋಕಾಗ್ಲಿಲ್ವಾ?" ಅವನು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ ನಿಂತ.

ಸೂಜಿ ಹಾಕಿ ನೀರು ತೆಗೆದರು, ಗಾಯವನ್ನು ಒಂದು ಕಡೆ ಬಿಡಿಸಿ ತೊಳೆದರು, ಮತ್ತೆ ಕೊಳವೆ ಹಾಕಿದರು, ನರಕ್ಕೆ ಔಷಧಿ ಏರಿಸಿದರು. ಜ್ವರ ಇಳಿಯುವವರೆಗೂ ಅವನು ಮಂಚದ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಈಗ ನಗಿಸಬಹುದು ಎಂದು ಡಾಕ್ಟರಮ್ಮ ಅನುಮತಿ ಕೊಟ್ಟರೂ ಅವನ ಬಾಯಿಗೆ ತಮಾಷೆ ಬರಲಿಲ್ಲ. ಅವಳ ಕೈಯನ್ನು ತನ್ನೆರಡು ಕೈಯಲ್ಲಿ ಮುಚ್ಚಿಕೊಂಡು, "ನನ್ನಿಂದಾನೇ ನೀನು ಹೋಗಿಬಿಡ್ತಿದ್ಯಲ್ಲೇ" ಎಂದ. ಇಷ್ಟು ವರ್ಷದ ಸಂಸಾರದಲ್ಲಿ ಅವನು ಮನಸ್ಸು ಬಿಚ್ಚಿ ಆಡಿದ ಮೊದಲ ಮಾತು ಅದೇ ಇರಬೇಕು. ಬನ್ನಕ್ಕ ಮುಖ ಆ ಕಡೆ ತಿರುಗಿಸಿ ಅತ್ತಳು. ಆಮೇಲೆ ಈ ಕಡೆ ತಿರುಗಿ, ಅವನಿಗೆ ಕಾಣುವ ಹಾಗೇ ಅತ್ತಳು.

ವಾಸಿಯಾಗಲು ಬಹಳ ಹಿಡಿಯಿತು. ಹೊಟ್ಟೆ ಚಪ್ಪಟೆಯಾಯಿತು ನಿಜ, ಆದರೆ ಎಡಗಡೆ ಬಿಡಿಸಿದ ಜಾಗ ಸುಕ್ಕುಗಟ್ಟಿ ಗುಳಿಬಿದ್ದೇ ಉಳಿಯಿತು. ಅದನ್ನು ಬೇಕಾದರೆ ಮುಂದೆ ಸರಿಮಾಡಬಹುದು ಎಂದರು ಡಾಕ್ಟರಮ್ಮ. ಇನ್ನು ಸಾಕು ಎಂದು ಬನ್ನಕ್ಕ ಕೈಮುಗಿದಳು.

ಮನೆಗೆ ಬಂದ ಮೇಲೆ ದಿನವೂ ಗಾಯ ಶುಚಿಮಾಡಿ ಹೊಸ ಪಟ್ಟಿ ಹಾಕಬೇಕಿತ್ತು. "ನಾನೇ ಮಾಡ್ಕೋತೀನಿ" ಎನ್ನಲು ಬಾಯಿ ತೆರೆದಳು, ಅಷ್ಟರಲ್ಲಿ ಅವನು ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆಯುತ್ತಿದ್ದ. ಕಿಟಕಿಯಿಂದ ಬೆಳಗಿನ ಬಿಸಿಲು ನೇರವಾಗಿ ಹಾಸಿಗೆಯ ಮೇಲೆ ಬಿದ್ದಿತ್ತು. ಪರದೆ ಎಳೆಯೋಣವೆಂದು ಅವಳ ಕೈ ಹೋಯಿತು, ಅರ್ಧದಲ್ಲಿ ನಿಂತಿತು. ಬಟ್ಟೆ ಸರಿಸಿದಳು. ಅವಳಿಗಳು ಹುಟ್ಟಿದ ಮೇಲೆ ಅವಳ ಹೊಟ್ಟೆಯನ್ನು ಬೆಳಕಿನಲ್ಲಿ ಅವನು ನೋಡಿದ್ದು ಇದೇ ಮೊದಲು. ಅವನು ಮಂಡಿಯೂರಿ ಕೂತು, ಹಳೆಯ ಪಟ್ಟಿಯನ್ನು ನಿಧಾನವಾಗಿ ಬಿಡಿಸಿದ. ಕಾದ ಟ್ರೇ ಹಿಡಿದು ಒರಟಾದ ಕೈ ಅದು.

"ನೋವಾಗುತ್ತಾ?"

"ಹೂಂ ರೀ. ತುಂಬಾ."

"ಎಲ್ಲಿ?"

ಅವಳು ಬೆರಳಿಟ್ಟು ತೋರಿಸಿದಳು. ಇಲ್ಲಿಂದ ಇಲ್ಲಿವರೆಗೆ ಉರಿಯುತ್ತದೆ, ಇಲ್ಲಿ ಮುಟ್ಟಿದರೆ ಏನೂ ತಿಳಿಯುವುದಿಲ್ಲ, ಅದಕ್ಕೇ ಹೆದರಿಕೆ ಎಂದಳು. ಹಾಗೇ ಮಾತು ಹಿಂದಕ್ಕೆ ಹೋಯಿತು. ಒಲೆಯ ಮುಂದೆ ಮಡಿಕೆ ಬಿರಿದು ಉರಿಯುತ್ತಿದ್ದದ್ದು, ಮೇಜಿನ ಅಂಚು ಒತ್ತುತ್ತಿದ್ದದ್ದು, ಬಸ್ಸಿನಲ್ಲಿ ಕೋಲಿನ ಮುದುಕರು ಎದ್ದು ನಿಂತದ್ದು. ಯಾವತ್ತೂ ಯಾರಿಗೂ ಹೇಳದ್ದನ್ನೆಲ್ಲ, ಅಣ್ಣನ ಮನೆಯ ಜ್ವರಗಳವರೆಗೂ, ಒಂದೊಂದಾಗಿ ಹೇಳಿದಳು. ಪಟ್ಟಿ ಹಾಕಿಯಾಗಿತ್ತು. ಅವನು ನಡುವೆ ಒಂದು ಮಾತೂ ಸೇರಿಸದೆ ಕೂತಿದ್ದ.

ಕೆಳಗೆ ಯಾರೋ ಅಂಗಡಿಯ ಬಾಗಿಲು ಬಡಿದರು. "ಬರ್ತಾನೆ, ಇರ್ರಪ್ಪಾ" ಎಂದು ಅತ್ತೆ ಕೂಗಿದರು. ಬನ್ನಕ್ಕ ಮಾತು ನಿಲ್ಲಿಸಿ, "ಹೋಗಿ, ಗಿರಾಕಿ ಕಾಯ್ತಿದ್ದಾರೆ" ಎಂದಳು.

ಅವನು ಏಳಲಿಲ್ಲ.

"ಆಮೇಲೆ?" ಎಂದ.